ಮೋಟಾರ್ ಹೋಗಿಲ್ಲ, ಗಿರಣಿ ತಿಕ್ಕಾಡುತ್ತಿದೆ: ಘರ್ಷಣೆ ಎಲ್ಲಿ ಕರೆಂಟ್ ತಿನ್ನುತ್ತಿದೆ ಎಂದು ಹುಡುಕುವ ಬಗೆ

ಭರಮಸಾಗರದಿಂದ ಸ್ವಲ್ಪ ಒಳಗೆ ಒಂದು ಹಳ್ಳಿ. ಅಲ್ಲಿ ಒಬ್ಬ ಅಕ್ಕ ಹಿಟ್ಟಿನ ಗಿರಣಿ ನಡೆಸುತ್ತಾರೆ. 10 ಎಚ್‌ಪಿ ತ್ರೀ ಫೇಸ್ ಮೋಟಾರ್, ಬಿ ಸೈಜಿನ ಮೂರು ವಿ-ಬೆಲ್ಟ್, ಒಂದು ಜೋಡಿ ಕಲ್ಲು. ಜೋಳ, ರಾಗಿ, ಗೋಧಿ ಎಲ್ಲ ಅದರಲ್ಲೇ. ದಾವಣಗೆರೆಯ ನನ್ನ ವರ್ಕ್‌ಶಾಪಿಗೆ ಫೋನ್ ಮಾಡಿ ಹೇಳಿದರು: "ಅಣ್ಣಾರೆ, ಮೋಟಾರ್ ಮತ್ತೆ ಹೋಗೈತೆ ಅನ್ಸುತ್ತೆ. ಮೊನ್ನೆ ಯುಗಾದಿ ಮುಂದೆ ವೈಂಡಿಂಗ್ ಮಾಡ್ಸಿದ್ದೆ. ಸಂಜೆ ಆದ್ರೆ ಟ್ರಿಪ್ ಆಗುತ್ತೆ. ಬಿಲ್ ನೋಡಿದ್ರೆ ಎದೆ ಧಸಕ್ ಅಂತೈತೆ."

ಹಿಟ್ಟು ಹೇಗೆ ಬರುತ್ತಿದೆ ಎಂದು ಕೇಳಿದೆ. "ಬಿಸಿ ಬರುತ್ತೆ. ರೊಟ್ಟಿ ತಟ್ಟಿದ್ರೆ ಅಂಚು ಬಿರಿತಾವೆ ಅಂತ ಹೆಂಗಸ್ರು ಬೈತಾರೆ."

ಈ ಮಾತಿಗೇ ನನಗೆ ಅರ್ಧ ಉತ್ತರ ಸಿಕ್ಕಿತು. ಮೋಟಾರ್ ಕೆಟ್ಟರೆ ರೊಟ್ಟಿ ಯಾಕೆ ಬಿರಿಯಬೇಕು? ಹಿಟ್ಟು ಬಿಸಿಯಾಗಿದೆ ಎಂದರೆ ಕಲ್ಲಿನ ಹತ್ತಿರ ಎಲ್ಲೋ ಕರೆಂಟ್ ಶಾಖವಾಗಿ ಹೋಗುತ್ತಿದೆ. ಮೀಟರ್ ಅದನ್ನೂ ಯೂನಿಟ್ ಎಂದೇ ಎಣಿಸುತ್ತದೆ.

ಆ ಗಿರಣಿಯಲ್ಲಿ ದೋಷವನ್ನು ಹೇಗೆ ಹುಡುಕಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೋಟಾರ್, ಬೆಲ್ಟ್, ಶಾಫ್ಟ್ ಇರುವ ಯಾವ ಯಂತ್ರಕ್ಕೂ ಬಹುಮಟ್ಟಿಗೆ ಇದೇ ದಾರಿ.

ಮೊದಲು ಒಂದು ತಪ್ಪು ತಿಳಿವಳಿಕೆ

ಘರ್ಷಣೆ ಅಂದರೆ ಶತ್ರು, ಎಲ್ಲಾ ಕಡೆ ಎಣ್ಣೆ ಹಾಕಿ ಓಡಿಸಬೇಕು ಅಂತ ನಾವೆಲ್ಲ ಶಾಲೆಯಲ್ಲಿ ಓದಿದವರೇ. ಗಿರಣಿಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಬೆಲ್ಟು ಪುಲ್ಲಿಯನ್ನು ಹಿಡಿಯುವುದೇ ಘರ್ಷಣೆಯಿಂದ. ಕಲ್ಲು ಕಾಳನ್ನು ಅರೆಯಲು ಕೂಡ ಒರಟು ಬೇಕು. ಬೇಡವಾದದ್ದು ಬೇರಿಂಗ್‌ನಲ್ಲಿ ಮಾತ್ರ. ಗ್ರೀಸ್ ಇಲ್ಲದೆ ಉಕ್ಕಿನ ಮೇಲೆ ಉಕ್ಕು ಜಾರಿದರೆ ಘರ್ಷಣೆಯ ಅಂಕ ಸುಮಾರು 0.6. ಅಂದರೆ 100 ಕಿಲೋ ಭಾರವನ್ನು ಜಾರಿಸಲು 60 ಕಿಲೋ ತೂಕದಷ್ಟು ಬಲ ಬೇಕು. ಎಣ್ಣೆ ಸವರಿದರೆ ಅದು 0.1ರ ಸುಮಾರಿಗೆ ಇಳಿಯುತ್ತದೆ. ಒಳ್ಳೆಯ ಬಾಲ್ ಬೇರಿಂಗ್‌ನಲ್ಲಿ 0.0015ರ ಆಸುಪಾಸು. ಅಷ್ಟು ವ್ಯತ್ಯಾಸ!

ಈ ಗಿರಣಿಯಲ್ಲಿ ಎಲ್ಲ ಉಲ್ಟಾ ಆಗಿತ್ತು. ಹಿಡಿಯಬೇಕಾದ ಬೆಲ್ಟು ಜಾರುತ್ತಿತ್ತು, ಅರೆಯಬೇಕಾದ ಕಲ್ಲು ನುಣ್ಣಗಾಗಿತ್ತು, ಸಲೀಸಾಗಿ ತಿರುಗಬೇಕಾದ ಬೇರಿಂಗ್ ತಿಕ್ಕಾಡುತ್ತಿತ್ತು. ಆದರೆ ಇದು ಹೋದ ತಕ್ಷಣ ಕಣ್ಣಿಗೆ ಬೀಳಲಿಲ್ಲ.

ಕೈ ಹಾಕುವ ಮುನ್ನ

ಸ್ಟಾರ್ಟರ್ ಆಫ್ ಮಾಡಿದರೆ ಸಾಲದು. ಮೇನ್ ಸ್ವಿಚ್ ಇಳಿಸಿ, ಮೂರೂ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಇನ್ನೊಬ್ಬರು ಬಂದು "ಕರೆಂಟ್ ಬಂತಾ ನೋಡೋಣ" ಎಂದು ಬಟನ್ ಒತ್ತುವುದು ಹೊಸದಲ್ಲ. ಸೆರಗು, ಹೆಗಲ ಮೇಲಿನ ಟವೆಲ್ ಬಿಗಿಯಾಗಿ ಕಟ್ಟಿರಬೇಕು. ಪರೀಕ್ಷೆಗೆಂದು ಬೆಲ್ಟ್ ಗಾರ್ಡ್ ಬಿಚ್ಚಿದರೆ, ಮುಗಿದ ಮೇಲೆ ವಾಪಸ್ ಹಾಕಿಯೇ ಮನೆಗೆ ಹೋಗಿ.

ವೋಲ್ಟೇಜ್ ನೋಡಿ, ಆಮೇಲೆ ಯಂತ್ರದ ಮೇಲೆ ಅನುಮಾನ ಪಡಿ

ಮಧ್ಯಾಹ್ನ 410 ವೋಲ್ಟ್ ಇತ್ತು. ಮೂರೂ ಫೇಸ್ ಸಮ. ಜೋಳ ಹಾಕಿ ಓಡಿಸಿ ಟಾಂಗ್ ಟೆಸ್ಟರ್ (ವೈರ್ ಸುತ್ತ ಇಕ್ಕಳದಂತೆ ಹಿಡಿದು ಆಂಪ್ಸ್ ಅಳೆಯುವ ಮೀಟರ್) ಹಿಡಿದರೆ 16.5 ಆಂಪ್ಸ್. ಮೋಟಾರ್ ಪ್ಲೇಟಿನ ಮೇಲೆ ಬರೆದಿರುವ ಪೂರ್ತಿ ಲೋಡಿನ ಮಿತಿ 14.5. ಸಂಜೆ ವೋಲ್ಟೇಜ್ 365ಕ್ಕೆ ಇಳಿಯುತ್ತದೆ. ಅದೇ ಕೆಲಸಕ್ಕೆ ಆಗ ಜಾಸ್ತಿ ಆಂಪ್ಸ್ ಬೇಕು, 18ರ ಮೇಲೆ ಹೋಗುತ್ತದೆ. ಅದಕ್ಕೇ ಸಂಜೆ ಟ್ರಿಪ್.

ಆಂಪ್ಸ್ ಮಿತಿ ಮೀರಿದರೆ ಮೋಟಾರ್ ನಿಲ್ಲಿಸುವ ಓವರ್‌ಲೋಡ್ ರಿಲೇ ನೋಡಿದರೆ ಯಾರೋ ಅದನ್ನು 18ಕ್ಕೆ ತಿರುಗಿಸಿ ಇಟ್ಟಿದ್ದಾರೆ! 14.5ರ ಮೋಟಾರಿಗೆ 18. ಹಳೇ ವೈಂಡಿಂಗ್ ಯಾಕೆ ಸುಟ್ಟಿತು ಎನ್ನಲು ಬೇರೆ ಸಾಕ್ಷಿ ಬೇಕಿಲ್ಲ. ರಿಲೇ ಟ್ರಿಪ್ ಆಗುವುದು ದೂರು ಹೇಳಲಿಕ್ಕೆ. ಅದರ ಬಾಯಿ ಮುಚ್ಚಿಸಿದರೆ ದೂರು ಹೋಗುವುದಿಲ್ಲ.

ನಿಮ್ಮಲ್ಲಿ ಮೂರು ಫೇಸಿನ ಆಂಪ್ಸ್ ಒಂದಕ್ಕೊಂದು ತುಂಬಾ ಬೇರೆ ಇದ್ದರೆ, ಅಥವಾ ಬೆಲ್ಟ್ ಬಿಚ್ಚಿದಾಗಲೂ ಮೋಟಾರ್ ಗುಂಯ್ ಎಂದು ಬಿಸಿಯಾದರೆ, ಈ ಬರಹ ಬದಿಗಿಟ್ಟು ವೈಂಡಿಂಗ್ ಬಲ್ಲವರನ್ನು ಕರೆಯಿರಿ.

ಬೆಲ್ಟ್ ಬಿಚ್ಚಿ ಎರಡು ಭಾಗ ಮಾಡಿ

ದೋಷ ಎಲ್ಲಿದೆ ಎಂದು ತಿಳಿಯದಿದ್ದಾಗ ಯಂತ್ರವನ್ನು ನಡುವೆ ಕತ್ತರಿಸಿ ನೋಡುವುದು ನನ್ನ ರೂಢಿ. ಗಿರಣಿಯಲ್ಲಿ ಕತ್ತರಿಸುವ ಜಾಗ ಬೆಲ್ಟು. ಬಿಚ್ಚಿದರೆ ಈ ಕಡೆ ಮೋಟಾರ್, ಆ ಕಡೆ ಗಿರಣಿ.

ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಖಾಲಿ ಓಡುವ ಮೋಟಾರಿಗೆ ಟಾಂಗ್ ಟೆಸ್ಟರ್ ಹಿಡಿದೆ: 5.8. ಬೆಲ್ಟ್ ಹಾಕಿ, ಕಲ್ಲು ಅಗಲಿಸಿ, ಕಾಳಿಲ್ಲದೆ ಓಡಿಸಿದೆ: 6.1. "ಬರೀ ಅರ್ಧ ಆಂಪ್ ಕೂಡ ಇಲ್ಲ ಅಲ್ವಾ, ಗಿರಣಿ ಚೆನ್ನಾಗೇ ಇದೆ" ಎಂದು ಎದ್ದು ಹೋಗುವಂಥ ಅಂಕಿ. ಆದರೆ ಖಾಲಿ ಮೋಟಾರ್ ಎಳೆಯುವ ಕರೆಂಟಿನಲ್ಲಿ ಬಹುಪಾಲು ಒಳಗೆ ಕಾಂತಶಕ್ತಿ ಹುಟ್ಟಿಸಲು ಹೋಗುತ್ತದೆ. ಅದು ಬಂದು ಹೋಗುವ ಕರೆಂಟ್, ಕೆಲಸ ಮಾಡುವುದಲ್ಲ. ಅದರ ಅಡಿಯಲ್ಲಿ ನಿಜವಾದ ನಷ್ಟ ಅಡಗಿ ಕೂತಿರುತ್ತದೆ. ಆಂಪ್ಸ್ ಹೇಳದ್ದನ್ನು ಯೂನಿಟ್ ಮೀಟರ್ ಹೇಳುತ್ತದೆ.

ಈಗಿನ ಮೀಟರಿನ ಮೇಲೆ ಒಂದು ಪುಟ್ಟ ಕೆಂಪು ದೀಪ ಮಿಣುಕುತ್ತದೆ. ಒಂದು ಯೂನಿಟ್‌ಗೆ ಎಷ್ಟು ಮಿಣುಕು ಎಂದು ಪಕ್ಕದಲ್ಲೇ ಅಚ್ಚಾಗಿರುತ್ತದೆ. ಅಕ್ಕನ ಮೀಟರಿನಲ್ಲಿ 800. ಬಲ್ಬು, ಫ್ಯಾನು ಎಲ್ಲ ಆರಿಸಿ, ಒಂದು ನಿಮಿಷದ ಮಿಣುಕು ಎಣಿಸಿ. 60ರಿಂದ ಗುಣಿಸಿ 800ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ. ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡರೆ ಎಣಿಕೆ ತಪ್ಪುವುದಿಲ್ಲ.

ಮೋಟಾರ್ ಒಂದೇ: 7 ಮಿಣುಕು. ಸುಮಾರು ಅರ್ಧ ಕಿಲೋವ್ಯಾಟ್, ಈ ಗಾತ್ರಕ್ಕೆ ಸರಿ.
ಬೆಲ್ಟ್ ಹಾಕಿ, ಖಾಲಿ ಗಿರಣಿ: 22 ಮಿಣುಕು. 1.65 ಕಿಲೋವ್ಯಾಟ್.

ಅಂದರೆ ಒಂದು ಕಾಳೂ ಅರೆಯದೆ, ಬೆಲ್ಟು ಮತ್ತು ಬೇರಿಂಗ್‌ಗಳೇ 1,100 ವ್ಯಾಟ್ ನುಂಗುತ್ತಿದ್ದವು. ಟಾಂಗ್ ಟೆಸ್ಟರ್‌ನಲ್ಲಿ 0.3 ಆಂಪ್ಸ್ ಎಂದು ಕಂಡದ್ದು ಇದು. ಮೋಟಾರ್ ಪಾಪ, ನಿರಪರಾಧಿ.

ಮೀಟರಿಗೆ ಬೇರೆ ಮನೆಯ ಲೋಡೂ ಸೇರಿದ್ದು ಎಣಿಸಲು ಆಗದಿದ್ದರೆ ಇನ್ನೊಂದು ಉಪಾಯ ಇದೆ. ಖಾಲಿ ಗಿರಣಿ ಪೂರ್ತಿ ವೇಗದಲ್ಲಿದ್ದಾಗ ಸ್ವಿಚ್ ಆಫ್ ಮಾಡಿ, ನಿಲ್ಲಲು ಎಷ್ಟು ಸೆಕೆಂಡ್ ಬೇಕು ನೋಡಿ. ಅಲ್ಲಿ ಬ್ರೇಕ್ ಹಾಕುವುದು ಘರ್ಷಣೆ ಮಾತ್ರ. ಈ ಗಿರಣಿ 9 ಸೆಕೆಂಡಿಗೆ ನಿಂತಿತು. ಆ ಭಾರದ ಕಲ್ಲು ಅಷ್ಟು ಬೇಗ ನಿಲ್ಲಬಾರದು. ಗಿರಣಿ ಚೆನ್ನಾಗಿರುವ ಕಾಲದಲ್ಲೇ ಈ ಸೆಕೆಂಡುಗಳನ್ನು ಬರೆದಿಟ್ಟುಕೊಂಡರೆ ಮುಂದೆ ಹೋಲಿಸಲು ಬರುತ್ತದೆ.

ಬೇರಿಂಗ್: ಎರಡನ್ನೂ ಮುಟ್ಟಿ ಹೋಲಿಸಿ

ಒಂದೇ ಬೇರಿಂಗ್ ಮುಟ್ಟಿ "ಬಿಸಿ ಇದೆ" ಎಂದರೆ ಅರ್ಥವಿಲ್ಲ. ಒಂದೇ ಶಾಫ್ಟಿನ ಎರಡು ತುದಿಯ ಬೇರಿಂಗ್‌ಗಳನ್ನು ಹೋಲಿಸಬೇಕು. ಅಂಗೈಯನ್ನು ಕೆಲವು ಸೆಕೆಂಡ್‌ಗಿಂತ ಹೆಚ್ಚು ಇಡಲಾಗದಿದ್ದರೆ ಸುಮಾರು 60 ಡಿಗ್ರಿ ದಾಟಿದೆ ಎಂದು ಲೆಕ್ಕ. ನನ್ನ ಹತ್ತಿರ ಶಾಖ ಅಳೆಯುವ ಗನ್ ಇತ್ತು. ಹೊಳೆಯುವ ಲೋಹಕ್ಕೆ ಹಿಡಿದರೆ ಅದು ಸುಳ್ಳು ಹೇಳುತ್ತದೆ. ಒಂದು ತುಂಡು ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಿರಿ. ಪುಲ್ಲಿ ಕಡೆಯ ಬೇರಿಂಗ್ 88, ಕಲ್ಲಿನ ಕಡೆಯದು 52.

ಪುಲ್ಲಿ ಕಡೆ ಮಾತ್ರ ಬಿಸಿ ಎಂದರೆ ಬೆಲ್ಟಿನ ಎಳೆತದ ಮೇಲೆ ಅನುಮಾನ ಬರಬೇಕು. ಎರಡೂ ಒಂದೇ ಸಮ ಬಿಸಿಯಾಗಿದ್ದರೆ ಗ್ರೀಸ್ ಮೇಲೆ. ಕಲ್ಲಿನ ಕಡೆ ಮಾತ್ರ ಬಿಸಿಯಾಗಿದ್ದರೆ ಕಲ್ಲನ್ನು ಅತಿಯಾಗಿ ಒತ್ತಿದ್ದಾರೆ. ಇದು ನನ್ನ ಅನುಭವದ ಲೆಕ್ಕ, ನೂರಕ್ಕೆ ನೂರು ಅಲ್ಲ. ಆದರೆ ಎಲ್ಲಿಂದ ಶುರು ಮಾಡಬೇಕು ಅನ್ನೋದಕ್ಕೆ ಸಾಕು.

ಕವರ್ ಬಿಚ್ಚಿದೆ. ಒಳಗೆ ಗ್ರೀಸ್ ಕಂಠಮಟ್ಟ. "ಬಿಸಿ ಆತು ಅಂದಾಗೆಲ್ಲ ಗ್ರೀಸ್ ಗನ್ ಹೊಡಿತಿದ್ವಿ" ಎಂದರು ಅಕ್ಕ. ನಮ್ಮ ಕಡೆ ಎಲ್ಲರೂ ಮಾಡುವ ತಪ್ಪು ಇದು. ಬೇರಿಂಗ್‌ನ ಖಾಲಿ ಜಾಗದಲ್ಲಿ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಗ್ರೀಸ್ ಇದ್ದರೆ ಸಾಕು. ಗಂಟಲವರೆಗೆ ತುಂಬಿದರೆ ಗುಂಡುಗಳು ಗ್ರೀಸನ್ನು ಕಡೆಯುತ್ತಾ ಕೂರುತ್ತವೆ. ಮಜ್ಜಿಗೆ ಕಡೆದ ಹಾಗೆ, ಬೆಣ್ಣೆ ಬದಲು ಶಾಖ ಬರುತ್ತದೆ. 70 ಡಿಗ್ರಿಯ ಮೇಲೆ ಪ್ರತಿ 15 ಡಿಗ್ರಿಗೆ ಗ್ರೀಸಿನ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ ಬಂದಾಗ ಅದು ನೀರಾಗಿ, ಸೀಲ್ ದಾಟಿ, ತಿರುಗುವ ಪುಲ್ಲಿಗೆ ಸಿಕ್ಕಿ, ನೇರ ಬೆಲ್ಟಿನ ಮೇಲೆ ಹಾರಿದೆ. ಅದರ ಮೇಲೆ ಹಿಟ್ಟಿನ ಧೂಳು ಕೂತು ಕಣಕದ ಹಾಗೆ ಆಗಿತ್ತು.

ಹಿಂದೆ ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕುವಾಗ ತಾತಂದಿರು ಅಚ್ಚಿಗೆ ಬೆರಳಲ್ಲಿ ಸವರುತ್ತಿದ್ದರು, ಸುರಿಯುತ್ತಿರಲಿಲ್ಲ. ಅವರ ಕೈಯಲ್ಲಿ ಗ್ರೀಸ್ ಗನ್ ಇರಲಿಲ್ಲ, ಒಳ್ಳೆಯದೇ ಆಯಿತು.

ಬೇರಿಂಗ್ ತೊಳೆದು ಕೈಯಲ್ಲಿ ತಿರುಗಿಸಿದರೆ ಗರಗರ ಎಂದಿತು. ಒಳ ಉಂಗುರದ ಬಣ್ಣ ನೀಲಿಗೆ ತಿರುಗಿತ್ತು. ಇನ್ನು ಅದನ್ನು ಉಳಿಸುವುದು ಬೇಡ. ಅದರ ಮೇಲಿನ ನಂಬರ್ 6310. ಕೊನೆಯ ಎರಡು ಅಂಕಿಯನ್ನು 5ರಿಂದ ಗುಣಿಸಿದರೆ ಶಾಫ್ಟಿನ ಅಳತೆ: 10×5, 50 ಮಿಲಿಮೀಟರ್. ಅಂಗಡಿಗೆ ಹೋಗುವಾಗ ಈ ನಂಬರ್ ಫೋಟೋ ತೆಗೆದುಕೊಂಡು ಹೋಗಿ. ಹೊಸದನ್ನು ಕೂರಿಸುವಾಗ ಹೊರ ಉಂಗುರಕ್ಕೆ ಸುತ್ತಿಗೆ ಹೊಡೆಯಬೇಡಿ. ಆ ಹೊಡೆತ ಗುಂಡುಗಳ ಮೂಲಕ ಹಾದು ಓಟದ ದಾರಿಯಲ್ಲಿ ಗುಳಿ ಮಾಡುತ್ತದೆ, ಹೊಸ ಬೇರಿಂಗ್ ಮೊದಲ ದಿನವೇ ಹಳೆಯದಾಗುತ್ತದೆ. ಒಳ ಉಂಗುರಕ್ಕೆ ಸರಿಯಾಗಿ ಕೂರುವ ಪೈಪ್ ತುಂಡು ಇಟ್ಟು ತಟ್ಟಿ. ಇಲ್ಲವೇ ಎಣ್ಣೆಯಲ್ಲಿ 80ರಿಂದ 100 ಡಿಗ್ರಿವರೆಗೆ ಕಾಯಿಸಿ, ಹಿಗ್ಗಿದಾಗ ತಳ್ಳಿದರೆ ತಾನಾಗೇ ಹೋಗುತ್ತದೆ.

ಹೊಸ ಬೇರಿಂಗ್ ಹಾಕಿ ದುಡ್ಡು ಇಸಿದುಕೊಂಡು ಹೊರಟಿದ್ದರೆ ಮೂರು ತಿಂಗಳಿಗೆ ಮತ್ತೆ ಫೋನ್ ಬರುತ್ತಿತ್ತು. ಪುಲ್ಲಿ ಕಡೆ ಯಾಕೆ ಅಷ್ಟು ಭಾರ ಬಿತ್ತು?

ಬೆಲ್ಟು: ಇಲ್ಲೇ ಇತ್ತು ಬೇರು

ಮೋಟಾರ್ ಪುಲ್ಲಿ 5 ಇಂಚು, ಗಿರಣಿ ಪುಲ್ಲಿ 12 ಇಂಚು. ಲೋಡ್ ಹಾಕಿದಾಗ ಮೋಟಾರ್ ನಿಮಿಷಕ್ಕೆ 1430 ಸುತ್ತು ಓಡುತ್ತಿತ್ತು. ಲೆಕ್ಕದ ಪ್ರಕಾರ ಗಿರಣಿ 1430×5÷12, ಅಂದರೆ 596 ಸುತ್ತು ಓಡಬೇಕು. ಸುತ್ತು ಎಣಿಸುವ ಟ್ಯಾಕೋಮೀಟರ್ ಹಿಡಿದರೆ 530. ನೂರಕ್ಕೆ 11 ಭಾಗ ಬೆಲ್ಟಿನಲ್ಲೇ ಜಾರಿ ಹೋಗುತ್ತಿತ್ತು. ಆ ಲೋಡಿಗೆ ಅದು ಸುಮಾರು 900 ವ್ಯಾಟ್. ಬೆಲ್ಟಿಗೂ ಪುಲ್ಲಿಗೂ ನಡುವೆ ಒಂದು ಇಸ್ತ್ರಿ ಪೆಟ್ಟಿಗೆ ಇಟ್ಟು ಇಡೀ ದಿನ ಆನ್ ಮಾಡಿದ ಹಾಗೆ.

ಬೆಲ್ಟು ನೋಡಿದರೆ ಮೇಲೆಲ್ಲ ರಾಳದ ಪುಡಿ. ಜಾರುತ್ತದೆ ಎಂದು ಯಾರೋ ಸಲಹೆ ಕೊಟ್ಟಿದ್ದಾರೆ. ಹಳೇ ಕಾಲದ ಪಟ್ಟಿ ಬೆಲ್ಟಿಗೆ ಅದು ನಡೆಯುತ್ತಿತ್ತು, ವಿ-ಬೆಲ್ಟಿಗೆ ಬೇಡವೇ ಬೇಡ. ಧೂಳು ಹಿಡಿದು ಉಂಡೆಯಾಗಿ ರಬ್ಬರ್ ಹಾಳಾಗುತ್ತದೆ. ರಾಳದಿಂದ ಕೆಲಸ ಆಗಲಿಲ್ಲ ಎಂದು ಮೋಟಾರನ್ನು ಹಿಂದಕ್ಕೆ ಎಳೆದು ಬೆಲ್ಟನ್ನು ವೀಣೆ ತಂತಿಯ ಹಾಗೆ ಬಿಗಿದಿದ್ದಾರೆ. ಫ್ರಾನ್ಸಿನ ಅಮೊಂತೋಂ ಎಂಬಾತ 1699ರಲ್ಲೇ ಹೇಳಿಟ್ಟ ಮಾತಿದೆ: ಮೇಲಿನ ಒತ್ತಡ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚುತ್ತದೆ. ಬಿಗಿದ ಬೆಲ್ಟಿನ ಎಳೆತವೆಲ್ಲ ಹತ್ತಿರದ ಬೇರಿಂಗ್ ಮೇಲೆಯೇ ಬೀಳುವುದು. ಹಿಡಿತ ಬೇಕೆಂದು ಬಿಗಿದರೆ ಶಾಖ ಹೋಗಿ ಬೇರಿಂಗ್‌ನಲ್ಲಿ ಕೂತಿತು. ಬೇರಿಂಗ್ ಬಿಸಿಯಾಯಿತೆಂದು ಗ್ರೀಸ್ ಹೊಡೆದರು. ಗ್ರೀಸ್ ಬೆಲ್ಟಿಗೆ ಹಾರಿತು. ಬೆಲ್ಟ್ ಇನ್ನೂ ಜಾರಿತು. ಮತ್ತೆ ಬಿಗಿದರು.

ಅಷ್ಟು ಬಿಗಿದರೂ ಯಾಕೆ ಜಾರುತ್ತಿತ್ತು? ಮೋಟಾರ್ ಪುಲ್ಲಿಯ ಗ್ರೂವ್ ಒಳಗೆ ಬೆರಳು ಆಡಿಸಿದೆ. ತಳ ಕನ್ನಡಿಯಂತೆ ನುಣುಪು. ವಿ-ಬೆಲ್ಟ್ ಎಂದೂ ತಳ ಮುಟ್ಟಬಾರದು. ಅದು ಎರಡು ಪಕ್ಕದ ಗೋಡೆಗಳ ನಡುವೆ ಬೆಣೆಯಂತೆ ಸಿಕ್ಕಿಕೊಳ್ಳಬೇಕು. ಆ ಬೆಣೆಯಿಂದಲೇ ಅದಕ್ಕೆ ಪಟ್ಟಿ ಬೆಲ್ಟಿಗಿಂತ ಸುಮಾರು ಮೂರು ಪಟ್ಟು ಹಿಡಿತ. ಇಲ್ಲಿ ಗೋಡೆ ಸವೆದು ಬಟ್ಟಲಿನ ಹಾಗೆ ಒಳಸರಿದಿತ್ತು, ಬೆಲ್ಟು ಕೆಳಗಿಳಿದು ತಳದ ಮೇಲೆ ಕೂತಿತ್ತು. ಬೆಣೆ ಹೋಯಿತು, ಹಿಡಿತ ಹೋಯಿತು. ಇನ್ನು ಎಷ್ಟು ಬಿಗಿದರೇನು?

ಪರೀಕ್ಷೆ ಸುಲಭ. ಹೊಸ ಬೆಲ್ಟನ್ನು ಗ್ರೂವಿನಲ್ಲಿ ಇಟ್ಟು ನೋಡಿ. ಅದರ ಬೆನ್ನು ಪುಲ್ಲಿಯ ಅಂಚಿನ ಮಟ್ಟಕ್ಕೆ ಇರಬೇಕು. ತೀರಾ ಒಳಗೆ ಮುಳುಗಿದರೆ ಬದಲಿಸಬೇಕಾದ್ದು ಪುಲ್ಲಿಯನ್ನು, ಬೆಲ್ಟನ್ನಲ್ಲ. ಅಕ್ಕ ಒಂದೇ ವರ್ಷದಲ್ಲಿ ಎರಡು ಸೆಟ್ ಬೆಲ್ಟ್ ಹಾಕಿಸಿದ್ದರು. ಹಳೇ ಪುಲ್ಲಿ ಎರಡನ್ನೂ ತಿಂದು ಹಾಕಿತ್ತು.

ಹೊಸ ಪುಲ್ಲಿ ಹಾಕಿದೆವು. ಬೆಲ್ಟ್ ಮೂರನ್ನೂ ಒಟ್ಟಿಗೆ ಬದಲಿಸಿದೆವು. ಒಂದು ಹೊಸದು, ಎರಡು ಹಳೆಯದು ಹಾಕಿದರೆ ಹೊಸದೊಂದೇ ಭಾರ ಎಳೆಯುತ್ತದೆ. ಎರಡೂ ಪುಲ್ಲಿಯ ಮುಖಕ್ಕೆ ದಾರ ಎಳೆದು ಹಿಡಿದರೆ ನಾಲ್ಕು ಕಡೆ ತಾಗಬೇಕು. ಇಲ್ಲಿ ಒಂದು ಕಡೆ ಬೆರಳು ಹೋಗುವಷ್ಟು ಸಂದು ಇತ್ತು, ಸರಿಮಾಡಿದೆವು. ಬಿಗಿ ನೋಡಲು ನಡುವೆ ಹೆಬ್ಬೆರಳಿಂದ ಒತ್ತಿ: ಪುಲ್ಲಿಗಳ ನಡುವೆ ಒಂದು ಮೀಟರ್ ದೂರವಿದ್ದರೆ ಸುಮಾರು 16 ಮಿಲಿಮೀಟರ್ ತಗ್ಗಬೇಕು. ಬಲವಾಗಿ ಒತ್ತಿದರೂ ತಗ್ಗದಿದ್ದರೆ ಅದು ಅತಿ ಬಿಗಿ.

ಕಲ್ಲು

ಇದೂ ಅದೇ ಕಥೆ. ಕಲ್ಲಿನ ಮುಖ ಸವೆದು ನುಣುಪಾಗಿತ್ತು. ಕಾಳು ಕತ್ತರಿಸುವ ಬದಲು ಉರುಳಿ ಉಜ್ಜುತ್ತಿತ್ತು. ಹಿಟ್ಟು ದಪ್ಪ ಬರುತ್ತದೆ ಎಂದು ಅಕ್ಕ ಕಲ್ಲುಗಳ ಅಂತರ ಹೊಂದಿಸುವ ತಿರುಪು ಒತ್ತಿದರು, ಕಲ್ಲಿಗೆ ಕಲ್ಲು ತಾಗಲು ಶುರುವಾಯಿತು. ಹಿಟ್ಟು ಸುಡುವುದು ಆಗಲೇ. ಕಲ್ಲು ಎತ್ತಿಸಿ, ಉಳಿಯಿಂದ ಕಡಿದು ಒರಟು ಮಾಡಿಸಿದೆವು. ಅದರ ಕೆಲಸದವರು ಈಗ ಕಡಿಮೆ. ಸಿಕ್ಕಾಗ ಬಿಡಬೇಡಿ. ತಿರುಪನ್ನು ಕಾಳು ಬೀಳಲು ಶುರುವಾದ ಮೇಲೆ ಮಾತ್ರ ಒತ್ತಿ, ಖಾಲಿ ಕಲ್ಲಿಗೆ ಎಂದೂ ಬೇಡ. ಒದ್ದೆ ಜೋಳ ಬಂದರೆ ವಾಪಸ್ ಕಳಿಸಿ. ಅದು ಕಲ್ಲಿಗೆ ಮೆತ್ತಿಕೊಂಡರೆ ಹೊಸದಾಗಿ ಕಡಿದ ಕಲ್ಲೂ ನುಣುಪೇ.

ಚಿತ್ರದುರ್ಗದ ಕೋಟೆಯಲ್ಲಿ ಸಿಡಿಮದ್ದು ಅರೆಯುತ್ತಿದ್ದ ದೊಡ್ಡ ಬೀಸುಕಲ್ಲುಗಳನ್ನು ನೋಡಿದವರಿಗೆ ಗೊತ್ತು, ಅರೆಯುವ ಕಲ್ಲು ಎಷ್ಟು ಹಳೇ ವಿದ್ಯೆ ಅಂತ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳಲ್ಲಿ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಶೇಂಗಾ ಹಿಂಡುವಾಗ ಒಳಗೆ ಹುಟ್ಟುವ ಶಾಖ ಎಣ್ಣೆ ಸಡಿಲಾಗಲು ಬೇಕು. ಹಾಗಾಗಿ ಬರೀ ಬಿಸಿ ನೋಡಿ ಅಲ್ಲಿ ದೋಷ ಎನ್ನಲಾಗದು, ಬೇರಿಂಗ್ ಬಿಸಿಯನ್ನು ಬೇರೆಯಾಗಿ ನೋಡಬೇಕು.

ಆದ ಮೇಲೆ ಅಳತೆ

ದೋಷ ಹೋಯಿತೇ ಎಂಬುದನ್ನು ಕಿವಿಗೆ ಬಿಡಬೇಡಿ. ಮೊದಲು ಮಾಡಿದ ಪರೀಕ್ಷೆಗಳನ್ನೇ ಅದೇ ಕ್ರಮದಲ್ಲಿ ಮತ್ತೆ ಮಾಡಿ.

ಖಾಲಿ ಗಿರಣಿ 22 ಮಿಣುಕಿನಿಂದ 14ಕ್ಕೆ ಬಂತು. ಸ್ವಿಚ್ ಆಫ್ ಮಾಡಿದ ಮೇಲೆ ನಿಲ್ಲಲು 9ರ ಬದಲು 31 ಸೆಕೆಂಡ್. ಪುಲ್ಲಿ ಕಡೆಯ ಬೇರಿಂಗ್ ಒಂದು ಗಂಟೆ ಓಡಿದ ಮೇಲೆ 54 ಡಿಗ್ರಿ. ಲೋಡಿನಲ್ಲಿ 13.5 ಆಂಪ್ಸ್. ರಿಲೇಯನ್ನು 14.5ಕ್ಕೆ ವಾಪಸ್ ಇಟ್ಟೆ. ಮೊದಲು ಒಂದು ಕ್ವಿಂಟಲ್ ಜೋಳಕ್ಕೆ 70 ನಿಮಿಷ, 12 ಯೂನಿಟ್ ಹೋಗುತ್ತಿತ್ತು. ಈಗ 50 ನಿಮಿಷ, 7 ಯೂನಿಟ್. ದಕ್ಷತೆ ಎಂಬ ದೊಡ್ಡ ಮಾತಿಗೆ ಗಿರಣಿಯಲ್ಲಿ ಇಷ್ಟೇ ಅರ್ಥ: ಒಂದು ಕ್ವಿಂಟಲ್‌ಗೆ ಎಷ್ಟು ಯೂನಿಟ್.

ಹೊಸ ಬೆಲ್ಟು ಮೊದಲ ಒಂದೆರಡು ದಿನ ಹಿಗ್ಗುತ್ತದೆ. ಅದಕ್ಕೇ 48 ಗಂಟೆ ಬಿಟ್ಟು ಮತ್ತೆ ಹೋದೆ. ಹೆಬ್ಬೆರಳು ಒತ್ತಿದರೆ 20 ಮಿಲಿಮೀಟರ್ ತಗ್ಗಿತು, ಮೋಟಾರನ್ನು ಚೂರು ಹಿಂದೆ ಸರಿಸಿ 16ಕ್ಕೆ ತಂದೆ. ಮೀಟರ್ ಎಣಿಸೋಣ ಎಂದು ಮೊಬೈಲ್ ತೆಗೆಯುವಷ್ಟರಲ್ಲಿ ಅಕ್ಕ ಗೋಡೆ ತೋರಿಸಿದರು. ಸೀಮೆಸುಣ್ಣದಲ್ಲಿ ದಿನವಾರು ಬರೆದಿದ್ದರು: 14, 14, 16.

"ಇವತ್ತು 16 ಯಾಕಣ್ಣಾರೆ?"

ಯಾವಾಗ ಎಣಿಸಿದ್ದು ಎಂದು ಕೇಳಿದೆ. ಬೆಳಗ್ಗೆ ಆರಕ್ಕೆ, ಸ್ಟಾರ್ಟ್ ಮಾಡಿದ ತಕ್ಷಣ. ರಾತ್ರಿಯೆಲ್ಲ ತಣ್ಣಗಿದ್ದ ಗ್ರೀಸ್ ಗಟ್ಟಿ ಇರುತ್ತದೆ. ಹತ್ತು ನಿಮಿಷ ಓಡಿಸಿ ಇಬ್ಬರೂ ಕೂತು ಎಣಿಸಿದೆವು. 14.